ಅತ್ತಿಗೆಯ ಸ್ಕೂಟರೋ, ಭಾವನ ಸ್ಪ್ಲೆಂಡರೋ?

ಕುಮಟಾದ ನೆಂಟರ ಮನೆಗೆ ಬಂದವರಿಗೆ ಒಂದು ದಿನ ಬಿಡುವು ಸಿಕ್ಕಿ, ಒಬ್ಬರೇ ಯಾಣ ನೋಡಿ ಶಿರಸಿ ಮುಟ್ಟಿ ಕತ್ತಲಾಗುವುದರೊಳಗೆ ಮರಳುವ ಮನಸ್ಸಾದರೆ, ಅಂಗಳದಲ್ಲಿರುವ ಎರಡು ಗಾಡಿಗಳಲ್ಲಿ ಭಾವನ ಹಳೆ ಸ್ಪ್ಲೆಂಡರನ್ನೇ ಕೇಳಿ. ಅತ್ತಿಗೆಯ ಗೇರಿಲ್ಲದ ಸ್ಕೂಟರ್ ಮಿರ್ಜಾನ್ ಕೋಟೆ, ಗೋಕರ್ಣದಂಥ ಓಡಾಟಕ್ಕೆ ಚೆಂದ. ಘಟ್ಟಕ್ಕೆ ಬೇಡ.

ಹತ್ತುವಾಗ ಹೆಚ್ಚು ವ್ಯತ್ಯಾಸವಿಲ್ಲ. ಒಬ್ಬರೇ ಕೂತಿದ್ದರೆ ಎರಡೂ ಶಿರಸಿ ದಾರಿಯ ದೇವಿಮನೆ ಘಟ್ಟ ಏರುತ್ತವೆ.

ತಕರಾರು ಇರುವುದು ವಾಪಸ್ ಬರುವಾಗ, ದೇವಿಮನೆಯಿಂದ ಕತಗಾಲದ ಕಡೆ ಇಳಿಯುವಲ್ಲಿ. ಸ್ಕೂಟರಿನ ಕ್ಲಚ್ ಎಂಜಿನ್ ವೇಗದ ಮೇಲೆ ತಾನೇ ಹಿಡಿದು ತಾನೇ ಬಿಡುವಂಥದ್ದು. ಎಕ್ಸಲರೇಟರ್ ಪೂರ್ತಿ ಬಿಟ್ಟು ತಿರುವಿಗೆ ನಿಧಾನ ಮಾಡಿದಿರೋ, ಗಂಟೆಗೆ 15-20 ಕಿ.ಮೀ. ಆಸುಪಾಸಿನಲ್ಲಿ ಕ್ಲಚ್ ಬಿಟ್ಟುಕೊಳ್ಳುತ್ತದೆ. ಅಲ್ಲಿಂದ ಮುಂದೆ ಗಾಡಿ ನ್ಯೂಟ್ರಲ್‌ನಲ್ಲಿದ್ದ ಹಾಗೆ ಉರುಳುತ್ತದೆ; ಎಂಜಿನ್ ಹಿಡಿತ ಸೊನ್ನೆ, ಭಾರವೆಲ್ಲ ಬ್ರೇಕಿನ ಮೇಲೆ. ಇಳಿಜಾರಿನ ಉದ್ದಕ್ಕೂ ಬ್ರೇಕ್ ಲಿವರ್ ಒತ್ತಿಕೊಂಡೇ ಬಂದರೆ ಚಕ್ರದ ಬ್ರೇಕ್ ಡ್ರಮ್ ಕಾದು, ಅದಕ್ಕೆ ಒತ್ತಿ ಹಿಡಿಯುವ ಲೈನರ್ ಹಿಡಿತ ಕಳೆದುಕೊಳ್ಳುತ್ತದೆ. ಲಿವರ್ ಹ್ಯಾಂಡಲಿನ ಹತ್ತಿರಕ್ಕೆ ಬರುವುದು, ಸುಟ್ಟ ವಾಸನೆ ಬರುವುದು ಇದರ ಗುರುತು.

ಸ್ಕೂಟರೇ ಗತಿಯಾದರೆ ಒಂದು ಉಪಾಯವಿದೆ. ತಿರುವು ದಾಟಿದ ತಕ್ಷಣ ಎಕ್ಸಲರೇಟರ್ ತುಸುವೇ ತಿರುಗಿಸಿ, ಕ್ಲಚ್ ಹಿಡಿದ ಮೇಲೆ ಬಿಡಿ. ಅಲ್ಪಸ್ವಲ್ಪ ಎಂಜಿನ್ ಹಿಡಿತ ಮರಳುತ್ತದೆ. ಬ್ರೇಕನ್ನು ಸತತವಾಗಿ ಅಲ್ಲ, ಒತ್ತಿ ಬಿಟ್ಟು ಒತ್ತಿ ಹಾಕಬೇಕು. ವಾಸನೆ ಬಂದರೆ ಕಾಲು ಗಂಟೆ ನಿಲ್ಲಿಸಿ. ಕಾದ ಡ್ರಮ್ಮಿಗೆ ನೀರು ಮಾತ್ರ ಹೊಯ್ಯಬೇಡಿ, ಬಿರುಕು ಬಿಟ್ಟೀತು.

ಸ್ಪ್ಲೆಂಡರಿನಲ್ಲಿ ಈ ಕಾಟವೇ ಇಲ್ಲ. ತಿರುವಿಗೆ ಮೊದಲೇ ಎರಡನೇ ಗೇರಿಗೆ ಇಳಿಸಿದರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ, ಬ್ರೇಕ್ ಕೊನೆಯ ಗಳಿಗೆಗೆ ಸಾಕು. ಆದರೆ ಪರರ ಗಾಡಿಯಲ್ಲಿ ಕಾಲಿನ ಅಭ್ಯಾಸ ಕೈಕೊಡುತ್ತದೆ: ಬುಲೆಟ್‌ನಂಥವುಗಳಲ್ಲಿ ಗೇರ್ ಲಿವರನ್ನು ಮುಂಗಾಲಿಂದ ಒತ್ತಿದರೆ ಗೇರ್ ಇಳಿಯುತ್ತದೆ, ಇಲ್ಲಿ ಅದೇ ಒತ್ತಿಗೆ ಏರುತ್ತದೆ. ಇಳಿಸಲು ಹಿಮ್ಮಡಿಯಿಂದ ಒತ್ತಬೇಕು. ಕುಮಟಾ ಬಿಡುವ ಮೊದಲು ಬಯಲು ರಸ್ತೆಯಲ್ಲಿ ಹತ್ತು ಸಲ ಏರಿಸಿ ಇಳಿಸಿ ರೂಢಿ ಮಾಡಿಕೊಳ್ಳಿ.

ಯಾವುದನ್ನೇ ಒಯ್ದರೂ ಹಿಂದಿನ ಚಕ್ರದ ಬ್ರೇಕ್ ಆರ್ಮ್ ಹತ್ತಿರದ ಬಾಣದ ಗುರುತು ನೋಡಿ. ಬ್ರೇಕ್ ಒತ್ತಿದಾಗ ಅದು ಪಕ್ಕದ ಗೆರೆಯನ್ನು ಮುಟ್ಟಿದರೆ ಲೈನರ್ ಮುಗಿದಿದೆ. ನಟ್ ಬಿಗಿ ಮಾಡಿ ಪ್ರಯೋಜನವಿಲ್ಲ. ಕಾರ್ಬ್ಯುರೇಟರ್ ಇರುವ ಹಳೆ ಸ್ಪ್ಲೆಂಡರ್ ಆದರೆ ಟ್ಯಾಂಕಿನಡಿಯ ಪೆಟ್ರೋಲ್ ಕಾಕ್ ಮೊದಲೇ ರಿಸರ್ವ್‌ನಲ್ಲಿದೆಯೇ ನೋಡಬೇಕು. ಇದ್ದರೆ ಟ್ಯಾಂಕ್ ಬರಿದಾಗುವಾಗ ಮುನ್ಸೂಚನೆಯೇ ಇರದು.

ಹೊಂಡಗಳಿಗೆ ಸ್ಪ್ಲೆಂಡರಿನ 18 ಇಂಚಿನ ಚಕ್ರವೇ ಸುಖ. ಪಂಕ್ಚರ್ ವಿಷಯದಲ್ಲಿ ಟ್ಯೂಬ್‌ಲೆಸ್ ಟೈರಿನ ಸ್ಕೂಟರ್ ಮೇಲು: ಮೊಳೆ ಚುಚ್ಚಿದರೂ ಒಂದಿಷ್ಟು ದೂರ ಹೋಗಬಹುದು. ಸಾಮಾನಿಡುವ ಸೀಟಿನಡಿಯ ಡಿಕ್ಕಿಯಲ್ಲೂ ಅದೇ ಗೆಲ್ಲುತ್ತದೆ. ಶಿರಸಿಯಲ್ಲಿ ಕೊಂಡ ತೆಳ್ಳನೆಯ ಸಿಹಿ ತಿಂಡಿ ತೊಡದೇವು ಬೆನ್ನಿನ ಚೀಲದಲ್ಲಿ ಪುಡಿಯಾಗದೆ ಮನೆ ಮುಟ್ಟುವುದು ಅದೃಷ್ಟ.

ಯಾಣದ ಸುತ್ತೂ ಸೇರಿ ದಾರಿ 150 ಕಿ.ಮೀ. ಹತ್ತಿರ. ಸ್ಪ್ಲೆಂಡರಿಗೆ ಎರಡೂವರೆ ಲೀಟರ್, ಸ್ಕೂಟರಿಗೆ ಮೂರೂಕಾಲು. ಈ ಉಳಿತಾಯಕ್ಕಾಗಿ ಯಾರೂ ಗಾಡಿ ಬದಲಿಸಬೇಕಿಲ್ಲ. ಹೇಗೂ ಭಾವನಿಗೆ ಟ್ಯಾಂಕ್ ತುಂಬಿಸಿಯೇ ಕೊಡಬೇಕಲ್ಲ! ಆರ್‌ಸಿ, ವಿಮೆ, ಹೊಗೆ ಪ್ರಮಾಣಪತ್ರ ಇರುವುದು ಅವರ ಮೊಬೈಲಿನಲ್ಲಿ. ಹೊರಡುವ ಮೊದಲೇ ತರಿಸಿಕೊಳ್ಳಿ.

ಗೇರಿಲ್ಲದ ಗಾಡಿಗಷ್ಟೇ ಲೈಸೆನ್ಸ್ ಇರುವವರು ಸ್ಪ್ಲೆಂಡರ್ ಮುಟ್ಟುವಂತಿಲ್ಲ. ಅಂಥವರು ಘಟ್ಟದ ಆಸೆ ಬಿಟ್ಟು ಅಘನಾಶಿನಿ ಊರಿಗೆ ಹೋಗಿ, ಸ್ಕೂಟರನ್ನು ದೋಣಿಗೆ ಹತ್ತಿಸಿ ತದಡಿಗೆ ದಾಟಿದರೆ ಗೋಕರ್ಣ ಅಲ್ಲೇ ಹತ್ತಿರ.