ಮಂಗಳೂರು ಬಂದರಿನಿಂದ ಬೆಂಗ್ರೆಗೆ ದೋಣಿ: ಬೀಚಿಗೆ ಹೋಗುವ ಮೊದಲು ಇದನ್ನು ಹತ್ತಿ

ಮೊದಲೇ ಹೇಳಿಬಿಡುತ್ತೇನೆ, ಮಂಗಳೂರಿನಲ್ಲಿ ಒಂದೇ ಒಂದು ದೋಣಿ ಹತ್ತಲು ಸಮಯವಿದ್ದರೆ ಹಳೇ ಬಂದರಿನಿಂದ ನದಿಯ ಆಚೆ ದಡದ ಬೆಂಗ್ರೆಗೆ ಹೋಗುವ ದೋಣಿಯನ್ನೇ ಹತ್ತಿ. ಪ್ರಯಾಣ ಕೆಲವೇ ನಿಮಿಷದ್ದು. ಜೇಬಿಗೆ ಭಾರವಿಲ್ಲ, ಚಿಲ್ಲರೆ ಇಟ್ಟುಕೊಂಡಿದ್ದರೆ ಸಾಕು. ಮ್ಯೂಸಿಕ್ ಇಲ್ಲ, ಗೈಡ್ ಇಲ್ಲ, ಸೆಲ್ಫಿಗೆ ಅಂತ ನಿಲ್ಲಿಸುವುದಿಲ್ಲ. ಶಾಲೆ ಮಕ್ಕಳು, ಮೀನಿನ ಬುಟ್ಟಿ ಹಿಡಿದ ಹೆಂಗಸರು, ದಕ್ಕೆಯಲ್ಲಿ (ಬೋಟುಗಳು ನಿಂತು ಮೀನು ಇಳಿಸುವ ಕಟ್ಟೆ) ಕೆಲಸ ಮುಗಿಸಿ ಮನೆಗೆ ಹೊರಟವರು, ಪೇಟೆಯಿಂದ ರೇಷನ್ ತಂದವರು, ಇವರೇ ಇದರ ಪ್ರಯಾಣಿಕರು. ಆದರೂ ಮಂಗಳೂರು ಯಾಕೆ ಇಲ್ಲೇ ಹುಟ್ಟಿತು, ಕರಾವಳಿಯ ಜನ ಯಾಕೆ ಬರೀ ಮರಳಿನ ಮೇಲೆ ಊರು ಕಟ್ಟಿದರು ಅನ್ನುವುದು ಈ ಸಣ್ಣ ದಾಟುವಿಕೆಯಲ್ಲಿ ಅರ್ಥವಾಗುವಷ್ಟು ಬೇರೆಲ್ಲೂ ಅರ್ಥವಾಗುವುದಿಲ್ಲ.

ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದರೆ ಬಂದರಿಗೆ ನಡೆದೇ ಹೋಗಬಹುದು. ನಡೆದೇ ಹೋಗಿ. ಹಳೇ ಗೋದಾಮುಗಳು, ಹೆಂಚಿನ ಮಾಡು, ಲಾರಿಗೆ ಮೂಟೆ ಹೇರುವವರು, ಒಣಮೀನಿನ ವಾಸನೆ. ದಾರಿ ಗೊತ್ತಾಗದಿದ್ದರೆ ಬೆಂಗ್ರೆ ದೋಣಿ ಎಲ್ಲಿ ಅಂತ ಕೇಳಿದರೆ ಸಾಕು, ಯಾರಾದರೂ ಹೇಳುತ್ತಾರೆ. ಮೊಬೈಲ್ ಮ್ಯಾಪ್‌ನಲ್ಲಿ ಕಾರಿನ ದಾರಿ ಹಾಕಿದರೆ ಅದು ನಿಮ್ಮನ್ನು ಕೂಳೂರು ಸೇತುವೆ ಹತ್ತಿಸಿ, ತಣ್ಣೀರುಬಾವಿ ಮೇಲೆ ದಕ್ಷಿಣಕ್ಕೆ ಇಳಿಸುತ್ತದೆ. ಹತ್ತು ಕಿಲೋಮೀಟರಿಗೂ ಜಾಸ್ತಿ ಸುತ್ತು. ಎದುರಿಗೇ ಕಾಣುವ ಊರಿಗೆ ಅಷ್ಟು ಸುತ್ತಬೇಕಾ ಅಂತ ಕೇಳಿದರೆ, ಹೌದು, ನೆಲದ ಮೇಲೆ ಹೋಗುವುದಾದರೆ ಅಷ್ಟೂ ಸುತ್ತಬೇಕು. ಬೆಂಗ್ರೆ ದ್ವೀಪ ಅಲ್ಲ. ಉತ್ತರದಲ್ಲಿ ನೆಲಕ್ಕೆ ಅಂಟಿಕೊಂಡಿದೆ. ಉಳಿದ ಮೂರು ಕಡೆ ನೀರು. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಗುರುಪುರ ನದಿ (ಫಲ್ಗುಣಿ ಅಂತಲೂ ಕರೆಯುತ್ತಾರೆ), ದಕ್ಷಿಣದ ತುದಿಯಲ್ಲಿ ಅಳಿವೆಬಾಗಿಲು, ಅಂದರೆ ನದಿ ಸಮುದ್ರ ಸೇರುವ ಬಾಯಿ.

ದೋಣಿ ಹೊರಟ ತಕ್ಷಣ ಎಡಕ್ಕೆ, ಅಂದರೆ ದಕ್ಷಿಣಕ್ಕೆ ನೋಡಿ. ಅಲ್ಲಿ ನೀರು ಅಗಲವಾಗುತ್ತದೆ. ಪೂರ್ವದಿಂದ ನೇತ್ರಾವತಿ ಬರುತ್ತಾಳೆ, ಉತ್ತರದಿಂದ ಗುರುಪುರ ನದಿ ಬರುತ್ತದೆ, ಎರಡೂ ಸೇರಿ ಒಂದೇ ಬಾಗಿಲಿನಿಂದ ಸಮುದ್ರಕ್ಕೆ ಹೋಗುತ್ತವೆ. ಗುರುಪುರ ನದಿಯ ನಡೆ ವಿಚಿತ್ರ. ಘಟ್ಟದಿಂದ ಇಳಿದು ಕೂಳೂರಿನ ತನಕ ಬಂದಾಗ ಸಮುದ್ರ ತೀರಾ ಹತ್ತಿರದಲ್ಲಿರುತ್ತದೆ, ನೇರ ಹೋಗಿ ಸೇರಿಬಿಡಬಹುದು. ಆದರೆ ಎದುರಿಗೆ ಮರಳಿನ ದಿಬ್ಬ. ಹಾಗಾಗಿ ದಕ್ಷಿಣಕ್ಕೆ ತಿರುಗಿ, ಸಮುದ್ರದ ಪಕ್ಕದಲ್ಲೇ ಕಿಲೋಮೀಟರುಗಟ್ಟಲೆ ಹರಿದು, ಆಮೇಲೆ ಸೇರುತ್ತದೆ. ಆ ದಿಬ್ಬವೇ ತಣ್ಣೀರುಬಾವಿ, ಅದರ ತುದಿಯೇ ಬೆಂಗ್ರೆ.

ಈ ದಿಬ್ಬ ಹೇಗಾಯಿತು ಅನ್ನುವುದಕ್ಕೆ ನಮ್ಮ ಮಳೆಯೇ ಉತ್ತರ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ನದಿಗಳು ಕೆಂಪಾಗಿ ಹರಿದು ಘಟ್ಟದ ಮಣ್ಣು, ಮರಳನ್ನು ತಂದು ಸುರಿಯುತ್ತವೆ. ಮಳೆ ನಿಂತ ಮೇಲೆ ನದಿಗೆ ಬಲವಿಲ್ಲ. ಆಗ ಸಮುದ್ರದ ಸರದಿ. ಅಲೆಗಳು ಆ ಮರಳನ್ನು ವಾಪಸ್ ದಡಕ್ಕೆ ತಳ್ಳುತ್ತವೆ, ದಡದ ಉದ್ದಕ್ಕೂ ಎಳೆಯುತ್ತವೆ. ಇದು ಸಾವಿರಾರು ವರ್ಷ ನಡೆದರೆ ನದಿ ಬಾಯಿಗೆ ಅಡ್ಡಲಾಗಿ ಉದ್ದನೆಯ ಮರಳಿನ ಪಟ್ಟಿ ಬೆಳೆಯುತ್ತದೆ. ಎದುರಿಗೆ ಉಳ್ಳಾಲದ ಕಡೆಯಿಂದ ಕೋಟೆಪುರದ ಪಟ್ಟಿಯೂ ಹೀಗೇ ಉತ್ತರಕ್ಕೆ ಚಾಚಿದೆ. ಸಸಿಹಿತ್ಲುವಿನಲ್ಲಿ ನಂದಿನಿ ಮತ್ತು ಶಾಂಭವಿ ಸೇರುವಲ್ಲಿ, ಉಡುಪಿಯ ಕೋಡಿ ಬೆಂಗ್ರೆಯಲ್ಲಿ ಸುವರ್ಣಾ ಮತ್ತು ಸೀತಾ ಸೇರುವಲ್ಲಿ ಇದೇ ಕಥೆ. ನಮ್ಮ ಕರಾವಳಿ ಉದ್ದಕ್ಕೂ ಇಂಥ ಊರುಗಳಿವೆ. ಆದರೆ ಒಂದು ದೊಡ್ಡ ನಗರದ ಎದುರಿಗೇ ನಿಂತಿರುವುದು ಈ ಬೆಂಗ್ರೆ.

ಈಗ ಬಲಕ್ಕೆ, ಹಿಂದಕ್ಕೆ ತಿರುಗಿ ದಡ ನೋಡಿ. ಸಾಲುಸಾಲು ಮೀನುಗಾರಿಕೆ ಬೋಟುಗಳು. ಲಕ್ಷದ್ವೀಪಕ್ಕೆ ಸಿಮೆಂಟು, ಜಲ್ಲಿ, ತರಕಾರಿ ಹೊರುವ ಮರದ ಮಂಜಿಗಳೂ ಈ ಬಂದರಿನಿಂದಲೇ ಹೊರಡುತ್ತವೆ. ಇವೆಲ್ಲ ಇಷ್ಟು ನಿಶ್ಚಿಂತೆಯಿಂದ ನಿಲ್ಲಲು ಸಾಧ್ಯವಾಗಿರುವುದು ಬೆಂಗ್ರೆ ಸಮುದ್ರಕ್ಕೆ ಅಡ್ಡ ಮಲಗಿರುವುದರಿಂದ. ಹೊರಗೆ ಅಲೆ ಎಷ್ಟೇ ಇರಲಿ, ಒಳಗಿನ ನೀರು ಶಾಂತ. ಈ ಶಾಂತ ನೀರೇ ಮಂಗಳೂರಿನ ಬಂಡವಾಳ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ಟುನೀಷಿಯಾ ಕಡೆಯಿಂದ ಬಂದು ಇಲ್ಲಿ ಹತ್ತಿರಹತ್ತಿರ 17 ವರ್ಷ ನೆಲೆಸಿದ್ದ. ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆ ಇಟ್ಟಿದ್ದ. ಅವನ ಪತ್ರಗಳು ಕೈರೋದ ಹಳೇ ಸಿನಗಾಗ್ ಒಂದರಲ್ಲಿ ಸಿಕ್ಕಿವೆ, ಅದರಲ್ಲಿ ಬೊಮ್ಮ ಅನ್ನುವ ನಮ್ಮ ಕಡೆಯ ಕೆಲಸಗಾರನ ಹೆಸರೂ ಇದೆ. 14ನೇ ಶತಮಾನದಲ್ಲಿ ಬಂದ ಇಬ್ನ್ ಬತೂತ ಇಲ್ಲಿನ ಅಳಿವೆ ಮಲಬಾರ್ ಕಡೆಯಲ್ಲೇ ದೊಡ್ಡದು ಅಂತ ಬರೆದ. ಪರ್ಷಿಯಾ, ಯೆಮೆನ್ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆ, ಮೆಣಸು ಮತ್ತು ಶುಂಠಿ ಬೇಕಾದಷ್ಟಿದೆ, ಸುಮಾರು 4,000 ಮುಸ್ಲಿಮರು ವಾಸವಿದ್ದಾರೆ ಅಂತಲೂ ಬರೆದ. ಅವರೆಲ್ಲ ನೋಡಿದ್ದು ಇದೇ ನೀರನ್ನು. ದೋಣಿಯಲ್ಲಿ ನಿಂತು ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇದೇ ನೀರಿಗೆ ಶತ್ರು ಹಡಗು ನುಗ್ಗಬಾರದು ಅಂತ ಟಿಪ್ಪು 1784ರಲ್ಲಿ ಕರಿಕಲ್ಲಿನ ಕಾವಲುಗೋಪುರ ಕಟ್ಟಿಸಿದ. ಅದೇ ಬೋಳೂರಿನ ಸುಲ್ತಾನ್ ಬತ್ತೇರಿ. ಅಲ್ಲಿಂದಲೂ ತಣ್ಣೀರುಬಾವಿಗೆ ಒಂದು ದೋಣಿ ಇದೆ. ಎರಡರಲ್ಲಿ ಯಾವುದು ಅಂತ ಜನ ಕೇಳುತ್ತಾರೆ. ಬೀಚಿಗೆ ಬೇಗ ಹೋಗಬೇಕು, ಮಕ್ಕಳು ಮರಳಿನಲ್ಲಿ ಆಡಬೇಕು ಅಂದರೆ ಸುಲ್ತಾನ್ ಬತ್ತೇರಿಯದು ಅನುಕೂಲ. ಊರು ನೋಡಬೇಕು ಅಂದರೆ ಬಂದರಿನದು.

ಬೆಂಗ್ರೆಯಲ್ಲಿ ಇಳಿದ ಮೇಲೆ ಏನು ಮಾಡಬೇಕು? ಸುಮ್ನೆ ಅಡ್ಡಕ್ಕೆ ನಡೆಯಿರಿ, ನದಿಯಿಂದ ಸಮುದ್ರಕ್ಕೆ. ಇಷ್ಟೇ ನನ್ನ ಸಲಹೆ. ನದಿ ಕಡೆ ದೋಣಿ ಕಟ್ಟುವ ಜಾಗ, ಬಲೆ ಹರಡಿದ ಅಂಗಳ. ನಡುವೆ ತೆಂಗಿನಮರ, ಒತ್ತೊತ್ತಾದ ಮನೆಗಳು, ಅಂಗಡಿ, ದೇವಸ್ಥಾನ, ಭಜನಾ ಮಂದಿರ, ಮಸೀದಿ. ಆಮೇಲೆ ಗಾಳಿಮರ, ಮರಳು ಹಿಡಿದುಕೊಂಡ ನೇರಳೆ ಹೂವಿನ ಬಳ್ಳಿ, ಸಮುದ್ರ. ತೋಟ ಬೆಂಗ್ರೆಯಲ್ಲಿ ತುಳು ಮಾತಾಡುವ ಮೊಗವೀರರು, ಕಸಬ ಬೆಂಗ್ರೆಯಲ್ಲಿ ಬ್ಯಾರಿ ಮಾತಾಡುವ ಮುಸ್ಲಿಮರು ಹೆಚ್ಚು. ಎರಡೂ ಕಡೆ ಮೀನೇ ಬದುಕು.

ಗದ್ದೆ ಮಾಡಲಾಗದ ಈ ಮರಳಿನಲ್ಲಿ ಊರು ಹೇಗೆ ನಿಂತಿತು ಅನ್ನುವುದು ಅಡ್ಡ ನಡೆದರೆ ಕಣ್ಣಿಗೇ ಕಾಣುತ್ತದೆ. ಮೀನುಗಾರರಿಗೆ ಬೇಕಿದ್ದದ್ದು ಎರಡು ಬಗೆಯ ನೀರು, ಎರಡೂ ಇಲ್ಲಿ ಕೂಗಳತೆಯಲ್ಲಿವೆ. ಸಮುದ್ರದ ಕಡೆ ಕಲ್ಲುಬಂಡೆ ಇಲ್ಲದ ಉದ್ದನೆಯ ದಡ. ರಂಪಣಿ ಬಲೆಗೆ ಇಂಥದ್ದೇ ಜಾಗ ಬೇಕು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರದಲ್ಲಿ ಬಿಟ್ಟು ಬಂದು, ದಡದಲ್ಲಿ ನಿಂತ ಹತ್ತಾರು ಜನ ಎರಡೂ ತುದಿ ಹಿಡಿದು ಎಳೆಯಬೇಕು. ಒಬ್ಬಿಬ್ಬರ ಕೆಲಸ ಅಲ್ಲ, ಇಡೀ ಪಟ್ಣವೇ, ಅಂದರೆ ಮೀನುಗಾರರ ಕೇರಿಯೇ ಬೇಕು. ಹಾಗಾಗಿಯೇ ಮೊಗವೀರರ ಪಟ್ಣಗಳು ಒತ್ತೊತ್ತಾಗಿ, ಗುರಿಕಾರನ (ಊರಿನ ಮುಖಂಡ) ಮಾತಿಗೆ ಬೆಲೆ ಕೊಟ್ಟು, ಹಂಚಿಕೊಂಡು ಬದುಕುವ ಊರುಗಳಾದವು ಅಂತ ನನ್ನ ನಂಬಿಕೆ. ಬೂತಾಯಿ, ಬಂಗುಡೆ ರಾಶಿ ಬಿದ್ದಾಗ ತಿಂದು, ಮಾರಿ, ಒಣಗಿಸಿ, ಉಳಿದ ಬೂತಾಯಿ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿತ್ತು. ಇನ್ನು ದೋಣಿಯನ್ನು ಗಾಳಿಮಳೆಗೆ ಸಿಗದಂತೆ ಇಡಲು ಹಿಂದಿನ ನದಿ.

1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವ ಮೊದಲೇ ಮೀನಿನ ಹಿಂಡನ್ನು ಸಮುದ್ರದಲ್ಲೇ ಸುತ್ತುವರಿದು ಹಿಡಿಯುವ ಬೋಟು. ರಂಪಣಿಯವರು ಪ್ರತಿಭಟಿಸಿದರು, ಜಗಳಗಳಾದವು, ಆದರೆ ರಂಪಣಿ ಉಳಿಯಲಿಲ್ಲ. ಬೋಟು ದೊಡ್ಡದಾದಂತೆ ಅದನ್ನು ಮರಳಿನ ಮೇಲೆ ಎಳೆದು ಇಡಲಾಗುವುದಿಲ್ಲ. ಡೀಸೆಲ್, ಐಸು, ಹರಾಜು ಎಲ್ಲ ದಕ್ಕೆಯಲ್ಲಿ. ಅಂದರೆ ಮನೆಯ ಮುಂದಿದ್ದ ಕೆಲಸ ನದಿಯ ಆಚೆ ಹೋಯಿತು. ಬೆಳಿಗ್ಗೆ ದೋಣಿಯಲ್ಲಿ ಕಾಣುವ ಗುಂಪಿನ ಹಿಂದೆ ಇಷ್ಟು ಕಥೆ ಇದೆ. ಒಮ್ಮೆ ಪ್ರವಾಸದ ಪ್ಯಾಕೇಜ್ ಒಂದರಲ್ಲಿ ನೆಂಟರ ಜೊತೆ ಈ ಕಡೆಗೆಲ್ಲ ಬಂದಿದ್ದೆ. ಕರೆತಂದವರು ಫೋಟೋ ಪಾಯಿಂಟ್ ಬಿಟ್ಟು ಒಂದು ಮಾತೂ ಹೇಳಲಿಲ್ಲ. ಬೇಜಾರಾಯಿತು, ಯಾಕೆಂದರೆ ಹೇಳಲು ಇಲ್ಲಿ ಎಷ್ಟೊಂದಿದೆ.

ದೋಣಿಯಲ್ಲಿ ಪಕ್ಕ ಕೂತಿದ್ದ ಮೀನು ಮಾರುವ ಅಕ್ಕನ ಹತ್ತಿರ, "ಅಕ್ಕ, ಅಲ್ಲಿ ಬಾವಿ ನೀರು ಕುಡೀಲಿಕ್ಕೆ ಆಗ್ತದಾ?" ಅಂತ ಕೇಳಿದ್ದೆ. "ಮಳೆಗಾಲ ಮುಗಿದ ಮೇಲೆ ಒಳ್ಳೇದುಂಟು. ಬೇಸಿಗೆಯಲ್ಲಿ ಸ್ವಲ್ಪ ಉಪ್ಪಾಗ್ತದೆ" ಅಂದರು. ಸುತ್ತ ಉಪ್ಪುನೀರಿದ್ದರೂ ಇಂಥ ಮರಳಿನಲ್ಲಿ ಸಿಹಿನೀರು ಸಿಗುತ್ತದೆ. ಮಳೆ ನೀರು ಮರಳಿನಲ್ಲಿ ಇಂಗಿ, ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ. ಸ್ವಲ್ಪ ತೋಡಿದರೆ ಸಾಕು. ಜಾಸ್ತಿ ಪಂಪ್ ಹಾಕಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಇಂಥ ಊರಿನಲ್ಲಿ ರೆಸಾರ್ಟು, ಈಜುಕೊಳ ಅಂತ ಮಾತಾಡುವವರು ಇದೊಂದನ್ನು ಯೋಚಿಸಬೇಕು.

ಸಮಯವಿದ್ದರೆ ದಕ್ಷಿಣದ ತುದಿಯ ಕಡೆಗೂ ಹೋಗಿ. 1990ರ ದಶಕದಲ್ಲಿ ಅಳಿವೆಬಾಗಿಲಿಗೆ ಕಲ್ಲಿನ ತಡೆಗೋಡೆ ಹಾಕಿದರು, ಬೋಟುಗಳು ಸುಲಭವಾಗಿ ಹೋಗಿಬರಲಿ ಅಂತ. ಆಮೇಲೆ ಬೆಂಗ್ರೆ ಕಡೆ ಮರಳು ಸೇರುತ್ತಾ ಬಂತು, ಉಳ್ಳಾಲದ ಕಡೆ ಕೊರೆತ ಜೋರಾಯಿತು. ಉಳ್ಳಾಲದಲ್ಲಿ ಮನೆಗಳು ಹೋದವು. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ತಂದು ನೀರಿನೊಳಗೆ ದಿಬ್ಬ ಕಟ್ಟುವ ಕೆಲಸ ಮಾಡಬೇಕಾಯಿತು. ಮರಳು ಎರಡೂ ದಡಕ್ಕೆ ಸೇರಿದ್ದು, ಅದನ್ನು ಒಂದು ಕಡೆ ಹಿಡಿದರೆ ಇನ್ನೊಂದು ಕಡೆಯವರ ಅಂಗಳ ಖಾಲಿಯಾಗುತ್ತದೆ.

ಉತ್ತರಕ್ಕೆ ನೋಡಿದರೆ ಪಣಂಬೂರಿನ ನವಮಂಗಳೂರು ಬಂದರು. ಹಳೇ ಬಂದರಿನ ಅಳಿವೆಯಲ್ಲಿ ಆಳ ಕಡಿಮೆ, ದೊಡ್ಡ ಹಡಗು ಒಳಗೆ ಬರುತ್ತಿರಲಿಲ್ಲ, ಹೊರಗೇ ನಿಂತು ಸಣ್ಣ ದೋಣಿಗಳಿಗೆ ಸರಕು ಇಳಿಸಬೇಕಿತ್ತು. ಅದಕ್ಕೇ ಪಣಂಬೂರಿನಲ್ಲಿ ನೆಲ ಅಗೆದು ಬಂದರು ಮಾಡಿದರು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. ಅಲ್ಲಿದ್ದ ಊರಿನವರು ಜಾಗ ಬಿಟ್ಟುಕೊಟ್ಟು ಬೇರೆ ಕಡೆ ಹೋದರು.

ಇನ್ನು ವಿಮರ್ಶೆಯ ಮಾತು. ಒಳ್ಳೆಯದು: ಕಡಿಮೆ ದುಡ್ಡು, ದೋಣಿ ನಡೆಸುವವರ ಕೈ ಪಳಗಿದೆ, ಜನ ಸ್ನೇಹದಿಂದ ಮಾತಾಡುತ್ತಾರೆ. ಸುಧಾರಿಸಬೇಕಾದದ್ದು: ಹೊಸಬರಿಗೆ ದಾರಿ ತೋರಿಸುವ ಒಳ್ಳೆಯ ಬೋರ್ಡು ಬೇಕು. ವಯಸ್ಸಾದವರು, ಮಗು ಎತ್ತಿಕೊಂಡವರು ಹತ್ತಿ ಇಳಿಯಲು ಇನ್ನಷ್ಟು ಅನುಕೂಲ ಬೇಕು. ಬೆಂಗ್ರೆಯೂ ಮಂಗಳೂರು ನಗರಪಾಲಿಕೆಯ ಒಳಗೇ ಇದೆ, ಅಲ್ವಾ? ಪೇಟೆಯ ಬಸ್ ಸ್ಟಾಪಿಗೆ ಕೊಡುವ ಗಮನ ಈ ದಡಕ್ಕೂ ಸಿಗಲಿ. ಮುಂದೆ ಇಲ್ಲಿ ಸೇತುವೆ ಬಂದರೂ ದೋಣಿ ನಿಲ್ಲಬಾರದು ಅನ್ನುವುದು ನನ್ನ ಖಡಕ್ ಅಭಿಪ್ರಾಯ. ಬುಟ್ಟಿ ಹೊತ್ತವರಿಗೆ ದಕ್ಕೆಗೆ ಇದಕ್ಕಿಂತ ಹತ್ತಿರದ ದಾರಿ ಇಲ್ಲ.

ಹೋಗುವವರಿಗೆ ಕೆಲವು ಮಾತು. ಬೆಳಗ್ಗೆ ಶಾಲೆ, ಕೆಲಸದ ಹೊತ್ತಿನಲ್ಲಿ ಹೋಗಬೇಡಿ, ಅದು ಅವರ ಸಮಯ. ಹತ್ತು ಗಂಟೆ ಮೇಲೆ ಅಥವಾ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹೋದರೆ ಆರಾಮ. ಟೋಪಿ, ನೀರಿನ ಬಾಟಲಿ ಇರಲಿ. ಮನೆಗಳ ಅಂಗಳದಲ್ಲಿ ಕೇಳದೆ ಫೋಟೋ ತೆಗೆಯಬೇಡಿ. ಅಳಿವೆಯ ಹತ್ತಿರ ನೀರಿಗೆ ಇಳಿಯಲೇಬೇಡಿ, ಈಜು ಬಂದರೂ ಬೇಡ. ನದಿ ಮತ್ತು ಸಮುದ್ರದ ಇಳಿತ ಎರಡೂ ಒಟ್ಟಿಗೆ ಎಳೆಯುವ ಜಾಗ ಅದು. ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ, ದಕ್ಕೆ ತುಂಬ ಬೋಟುಗಳು ನಿಂತಿರುತ್ತವೆ, ನೋಡಲು ಚೆಂದ. ಆದರೆ ಗಾಳಿಮಳೆ ಜೋರಾದ ದಿನ ದೋಣಿ ಬಿಡುತ್ತಾರಾ ಅಂತ ವಿಚಾರಿಸಿಯೇ ಹೊರಡಿ. ನೂಲಹುಣ್ಣಿಮೆ ಹೊತ್ತಿಗೆ ಬಂದರೆ ಮೊಗವೀರರು ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರ ಪೂಜೆ ಮಾಡುವುದನ್ನು ನೋಡಬಹುದು.

ನನ್ನ ಲೆಕ್ಕದಲ್ಲಿ 5ಕ್ಕೆ ನಾಲ್ಕೂವರೆ. ಬೋರ್ಡು ಮತ್ತು ಹತ್ತಿ ಇಳಿಯುವ ವ್ಯವಸ್ಥೆ ಸರಿಯಾದ ದಿನ ಉಳಿದ ಅರ್ಧವನ್ನೂ ಕೊಡುತ್ತೇನೆ.