ಹೆಂಗಸರ ಶೂ ಆಮದು: ಎಚ್‌ಎಸ್ ಕೋಡ್‌ಗೆ ಯಾರ ಮಾತು ನಂಬೋದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಅಡ್ವಾನ್ಸ್ ರೂಲಿಂಗ್‌ಗೆ. ಸರಕು ಹಡಗು ಹತ್ತುವ ಮೊದಲೇ ಕಸ್ಟಮ್ಸ್‌ಗೆ ಸ್ಯಾಂಪಲ್ ಕಳಿಸಿ, ಇದಕ್ಕೆ ಯಾವ ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಸರಕನ್ನು ವಿಂಗಡಿಸುವ ಅಂತರರಾಷ್ಟ್ರೀಯ ಪಟ್ಟಿಯ ಸಂಖ್ಯೆ) ಎಂದು ಕೇಳಿ, ಬರಹದಲ್ಲಿ ಉತ್ತರ ಪಡೆಯುವ ದಾರಿ ಅದು. ಉಳಿದ ಮೂರು ದಾರಿಗಳಲ್ಲೂ ಓಡಾಡಿ ಬಂದಿದ್ದೇನೆ: ಫ್ಯಾಕ್ಟರಿಯವರು ಇನ್ವಾಯ್ಸ್ ಮೇಲೆ ಬರೆದ ಕೋಡ್, ಕಸ್ಟಮ್ಸ್‌ನಿಂದ ಸರಕು ಬಿಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಹೇಳಿದ ಕೋಡ್, ಬೇರೆಯವರಿಗೆ ಸಿಕ್ಕ ಹಳೆಯ ರೂಲಿಂಗ್ ಹುಡುಕಿ ಹೊಂದಿಸಿಕೊಂಡ ಕೋಡ್. ಚಪ್ಪಲಿ, ಶೂಗಳೆಲ್ಲ ಆ ಪಟ್ಟಿಯ 64ನೇ ಅಧ್ಯಾಯದಲ್ಲಿ ಬರುತ್ತವೆ ಅನ್ನೋದು ಈ ವ್ಯಾಪಾರದವರಿಗೆ ಗೊತ್ತೇ ಇದೆ, ಅದನ್ನು ವಿವರಿಸಲು ಹೋಗುವುದಿಲ್ಲ.

ಫ್ಯಾಕ್ಟರಿ ಕೋಡ್ ಬಿಟ್ಟಿ, ಕೇಳಿದ ಕೂಡಲೇ ಸಿಗುತ್ತದೆ. ಅದರ ಒಳ್ಳೆಯ ಗುಣ ಅಲ್ಲಿಗೆ ಮುಗಿಯಿತು. ಅವರಿಗೆ ಬೇಕಾದದ್ದು ಸರಕು ಅವರ ದೇಶದಿಂದ ಹೊರಗೆ ಹೋಗುವುದು. ಇಳಿಯುವ ಕಡೆ ಸುಂಕ ಎಷ್ಟು ಬೀಳುತ್ತದೆ ಅನ್ನೋದು ಅವರ ತಲೆನೋವಲ್ಲ. ಎಚ್‌ಎಸ್ ಕೋಡ್‌ನ ಮೊದಲ ಆರು ಅಂಕಿ ಅದನ್ನು ಬಳಸುವ ಎಲ್ಲ ದೇಶಗಳಿಗೂ ಒಂದೇ, ಅಷ್ಟಾದರೂ ಸರಿ ಇರುತ್ತದೆ ಅಂತ ಅನ್ನಿಸುತ್ತದೆ ಅಲ್ವಾ? ನನ್ನ ಸರಕಿನಲ್ಲಿ ನಾಲ್ಕನೇ ಅಂಕಿಯೇ ತಪ್ಪಿತ್ತು.

ಅದು ಹೆಂಗಸರ ಶಾರ್ಟ್ ಬೂಟ್. ರಬ್ಬರ್ ಸೋಲ್. ಅಪ್ಪರ್‌ನಲ್ಲಿ, ಅಂದರೆ ಸೋಲ್ ಬಿಟ್ಟು ಪಾದ ಮುಚ್ಚುವ ಮೇಲಿನ ಭಾಗದಲ್ಲಿ, ಮೂರು ಬಗೆಯ ವಸ್ತು: ಪಕ್ಕಗಳಲ್ಲಿ ಪಾಲಿಯುರೆಥೇನ್ ಲೇಪಿಸಿದ ಮಿರಮಿರ ಹೊಳೆಯುವ ಬಟ್ಟೆ, ಮುಂದೆ ಹೆಣೆದ ಬಟ್ಟೆ, ಹಿಮ್ಮಡಿ ಸುತ್ತ ಸ್ವೇಡ್ ಚರ್ಮ. ಫ್ಯಾಕ್ಟರಿಯವರು 6404 ಬರೆದಿದ್ದರು, ಅಂದರೆ ಬಟ್ಟೆಯ ಅಪ್ಪರ್. ಪರೀಕ್ಷಿಸಿದ ಅಧಿಕಾರಿ 6402 ಅಂದರು, ಅಂದರೆ ಪ್ಲಾಸ್ಟಿಕ್ ಅಪ್ಪರ್. ಸುಂಕದಲ್ಲಿ ವ್ಯತ್ಯಾಸ ಬಂತು, ಜೊತೆಗೆ ದಂಡದ ಮಾತು, ಅದರ ಮೇಲೆ ದಿನದಿನಕ್ಕೂ ಏರುವ ಕಂಟೇನರ್ ಬಾಡಿಗೆ. ಫ್ಯಾಕ್ಟರಿಗೆ ಫೋನ್ ಮಾಡಿದರೆ, "ಬಟ್ಟೆ ಗಿರಣಿಯಿಂದಲೇ ತಂದಿದ್ದು, ಬಟ್ಟೆ ಅಲ್ಲದೆ ಇನ್ನೇನು?" ಎಂದರು.

ಗಿರಣಿಯಿಂದ ಬಂದರೂ ಕಸ್ಟಮ್ಸ್ ಲೆಕ್ಕದಲ್ಲಿ ಅದು ಬಟ್ಟೆಯಲ್ಲ. 64ನೇ ಅಧ್ಯಾಯದ 3ನೇ ಟಿಪ್ಪಣಿ ಪ್ರಕಾರ, ಬಟ್ಟೆಯ ಹೊರಮೈ ಮೇಲೆ ರಬ್ಬರ್ ಅಥವಾ ಪ್ಲಾಸ್ಟಿಕ್ ಪದರ ಬರಿಗಣ್ಣಿಗೆ ಕಾಣುವಂತಿದ್ದರೆ ಅದನ್ನು ರಬ್ಬರ್ ಅಥವಾ ಪ್ಲಾಸ್ಟಿಕ್ ಎಂದೇ ಎಣಿಸಬೇಕು. ಲೇಪನದಿಂದ ಬಣ್ಣ ಬದಲಾಗಿದೆ ಅನ್ನೋದಷ್ಟೇ ಸಾಲದು, ಪದರವೇ ಕಾಣಬೇಕು. ನನ್ನ ಬೂಟಿನ ಹೊಳಪೆಲ್ಲ ಆ ಪದರದ್ದೇ. ಇಲ್ಲಿಯವರೆಗೆ ವಾದಕ್ಕೆ ಜಾಗವಿರಲಿಲ್ಲ.

ತಲೆ ಕೆಡಿಸಿದ್ದು ಮುಂದಿನ ಹೆಜ್ಜೆ. ಅಪ್ಪರ್ ಯಾವ ವಸ್ತುವಿನದು ಎಂದು ತೀರ್ಮಾನಿಸಲು 4ನೇ ಟಿಪ್ಪಣಿಯಲ್ಲಿ ಇರುವುದು ಒಂದೇ ಅಳತೆ: ಹೊರಗೆ ಕಾಣುವ ಮೈಯಲ್ಲಿ ಯಾವುದರ ವಿಸ್ತೀರ್ಣ ಜಾಸ್ತಿ. ತೂಕ ಬೇಡ, ಬೆಲೆ ಬೇಡ. ಅರ್ಧಕ್ಕಿಂತ ಜಾಸ್ತಿ ಇರಲೇಬೇಕು ಅಂತಲೂ ಇಲ್ಲ. ಪ್ಲಾಸ್ಟಿಕ್ ನೂರಕ್ಕೆ 40, ಬಟ್ಟೆ 35, ಚರ್ಮ 25 ಇದ್ದರೆ ಪ್ಲಾಸ್ಟಿಕ್ ಗೆದ್ದಂತೆ. ಚುನಾವಣೆಯಲ್ಲಿ ಮೂರು ಪಕ್ಷ ನಿಂತಾಗ ಆಗುವ ಹಾಗೆ.

ಆದರೆ ಯಾವ ತುಂಡನ್ನು ಲೆಕ್ಕಕ್ಕೆ ತಗೋಬೇಕು? ಅಲಂಕಾರ, ಬಕಲ್, ಅಂಚುಪಟ್ಟಿ, ಕಣಕಾಲಿನ ಪ್ಯಾಚ್, ಲೇಸ್ ತೂತುಗಳ ಪಟ್ಟಿ ಇಂಥವನ್ನೆಲ್ಲ ಬಿಡಬೇಕು ಎಂದು ಅದೇ ಟಿಪ್ಪಣಿಯಲ್ಲಿದೆ. ಹಾಗಾದರೆ ಹಿಮ್ಮಡಿಯ ಸ್ವೇಡ್ ತುಂಡು ಗಟ್ಟಿತನಕ್ಕೆ ಹಾಕಿದ ಪ್ಯಾಚ್ ಆಗುತ್ತದಾ, ಅಪ್ಪರ್‌ನ ಭಾಗವೇ ಆಗುತ್ತದಾ? ನೋಡಿದರೆ ಗೊತ್ತಾಗುವುದಿಲ್ಲ, ಬಿಚ್ಚಲೇಬೇಕು. ಮೇಲಿನ ತುಂಡು ತೆಗೆದಾಗ ಕೆಳಗೆ ಅಪ್ಪರ್ ಆಗಿ ನಿಲ್ಲಬಲ್ಲ ವಸ್ತು ಸಿಕ್ಕರೆ ಮೇಲಿನದು ಬರೀ ಪ್ಯಾಚ್. ಕೆಳಗೆ ಲೈನಿಂಗ್ ಮಾತ್ರ ಸಿಕ್ಕರೆ ಮೇಲಿನದೇ ಅಪ್ಪರ್. ಯುರೋಪ್ ಒಕ್ಕೂಟ ತನ್ನ ಹೆಚ್ಚುವರಿ ಟಿಪ್ಪಣಿಯಲ್ಲಿ ಇದನ್ನೇ ಬರೆದಿಟ್ಟಿದೆ: ತೆಗೆದ ಮೇಲೆ ಕಾಣುವ ವಸ್ತುವಿಗೆ ಅಪ್ಪರ್‌ನ ಗುಣ ಇರಬೇಕು, ಲೈನಿಂಗ್‌ನ ಗುಣ ಅಲ್ಲ.

ನನ್ನ ಬೂಟಿನ ಸ್ವೇಡ್ ಕೆಳಗೆ ತೆಳ್ಳನೆಯ ಲೈನಿಂಗ್ ಇತ್ತು. ಹಾಗಾಗಿ ಚರ್ಮವೂ ಲೆಕ್ಕಕ್ಕೆ ಬಂತು. ಮುಂಭಾಗದಲ್ಲಿ ಹೆಣೆದ ಬಟ್ಟೆಯ ಮೇಲೆ ಹೊಲಿದ ಪ್ಲಾಸ್ಟಿಕ್ ಪಟ್ಟಿಗಳಿದ್ದವು, ಅವುಗಳ ಕೆಳಗೆ ಅದೇ ಗಟ್ಟಿ ಹೆಣೆದ ಬಟ್ಟೆ. ಅವು ಲೆಕ್ಕದಿಂದ ಹೊರಗೆ, ಆ ಜಾಗ ಬಟ್ಟೆಗೆ. ಇಷ್ಟೆಲ್ಲ ಕಳೆದು ಕೂಡಿದ ಮೇಲೂ ಪ್ಲಾಸ್ಟಿಕ್ಕೇ ಮುಂದೆ, ಆದರೆ ಕೂದಲೆಳೆಯಷ್ಟು ಅಂತರದಲ್ಲಿ. ಇದೆಲ್ಲ ಗೊತ್ತಾಗುವ ಹೊತ್ತಿಗೆ ಬಂದರಿನ ಬಾಡಿಗೆ ಆ ಸರಕಿನ ಲಾಭವನ್ನು ಮುಕ್ಕಿ ಆಗಿತ್ತು.

ಅದೇ ಸರಕಿನ ಏಜೆಂಟ್ ಬಗ್ಗೆಯೂ ಒಂದು ಮಾತು. ಅವರು ಶೂ ಕತ್ತರಿಸಿ ನೋಡುವುದಿಲ್ಲ. ಫೋಟೋ ನೋಡುತ್ತಾರೆ, ಫ್ಯಾಕ್ಟರಿಯ ಕಾಗದ ನೋಡುತ್ತಾರೆ, ಹೋದ ಸಲ ಏನು ಹಾಕಿದ್ದೆವು ಅಂತ ನೋಡುತ್ತಾರೆ. ಪೂರ್ತಿ ಚರ್ಮದ ಅಪ್ಪರ್, ರಬ್ಬರ್ ಸೋಲ್, ಕಣಕಾಲಿಗಿಂತ ಕೆಳಗಿನ ಸಾದಾ ಪಂಪ್ ಶೂ ಆದರೆ ಸುಮ್ನೆ ಅವರಿಗೆ ಬಿಡಿ, 6403.99 ಅಂತ ಒಂದೇ ನಿಮಿಷದಲ್ಲಿ ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಮಿಶ್ರ ವಸ್ತುಗಳ ಫ್ಯಾಷನ್ ಶೂಗೆ ಅವರ ಊಹೆಯೂ ನಮ್ಮ ಊಹೆಯಷ್ಟೇ. ಕೊನೆಗೆ ವ್ಯತ್ಯಾಸದ ಸುಂಕ ಕಟ್ಟುವುದು ಆಮದುದಾರ.

ಹಳೆಯ ರೂಲಿಂಗ್ ಓದುವುದು ನನಗೆ ಎರಡನೇ ಇಷ್ಟ. ಅಮೆರಿಕದ್ದೂ ಯುರೋಪ್ ಒಕ್ಕೂಟದ್ದೂ ಯಾರು ಬೇಕಾದರೂ ಹುಡುಕಬಹುದಾದ ಸಂಗ್ರಹಗಳಲ್ಲಿವೆ, ದುಡ್ಡು ಕೊಡಬೇಕಾಗಿಲ್ಲ. ಅಧಿಕಾರಿಗಳು ಶೂನಲ್ಲಿ ಏನು ನೋಡುತ್ತಾರೆ ಅನ್ನೋದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಆದರೆ ಅದನ್ನೇ ನಿಮ್ಮ ಕೋಡ್ ಮಾಡಿಕೊಳ್ಳೋಕೆ ಹೋಗಬೇಡಿ. ಆರು ಅಂಕಿ ದಾಟಿದ ಮೇಲೆ ಪ್ರತಿ ದೇಶವೂ ತನಗೆ ಬೇಕಾದ ಹಾಗೆ ಸೀಳುತ್ತದೆ. ಆರು ಅಂಕಿಯಲ್ಲಿ ಹೆಂಗಸರು, ಗಂಡಸರು ಅನ್ನುವ ಭೇದವೇ ಇಲ್ಲ. ಅದು ಆಮೇಲೆ ಬರುತ್ತದೆ. ಅಮೆರಿಕದಲ್ಲಿ 6403.99 ಅಡಿಯ ಗಂಡಸರ ಸಾಮಾನ್ಯ ಚರ್ಮದ ಶೂಗೆ ಮೂಲ ಸುಂಕ ಶೇ. 8.5, ಹೆಂಗಸರದ್ದಕ್ಕೆ ಶೇ. 10. ಯುರೋಪ್‌ನಲ್ಲಿ ಒಳಸೋಲ್ ಉದ್ದ 24 ಸೆಂ.ಮೀ. ಗಿಂತ ಕಡಿಮೆಯಾ, ಜಾಸ್ತಿಯಾ ಅಂತ ಮೊದಲು ನೋಡುತ್ತಾರೆ. ಹೆಂಗಸರು, ಗಂಡಸರು ಅನ್ನುವ ಪ್ರಶ್ನೆ ಬರುವುದು 24 ಮತ್ತು ಅದಕ್ಕಿಂತ ಉದ್ದದ್ದಕ್ಕೆ ಮಾತ್ರ. ಅಂದರೆ ಒಂದೇ ಡಿಸೈನ್, ಒಂದೇ ಪೆಟ್ಟಿಗೆ, ಸಣ್ಣ ಸೈಜಿಗೆ ಒಂದು ಕೋಡ್, ದೊಡ್ಡದಕ್ಕೆ ಇನ್ನೊಂದು!

ಸೋಲ್ ತಂತ್ರದ ಬಗ್ಗೆಯೂ ಕೆಲವರು ಕೇಳುತ್ತಾರೆ: ರಬ್ಬರ್ ಸೋಲ್‌ಗೆ ತೆಳ್ಳಗೆ ಬಟ್ಟೆ ಅಂಟಿಸಿ ಕೋಡ್ ಬದಲಿಸುವುದು. ಸೋಲ್ ಯಾವ ವಸ್ತುವಿನದು ಅನ್ನೋದನ್ನು ನೆಲಕ್ಕೆ ತಾಗುವ ಮೈಯಲ್ಲಿ ಯಾವುದರ ವಿಸ್ತೀರ್ಣ ಜಾಸ್ತಿ ಎಂದು ನೋಡಿ ತೀರ್ಮಾನಿಸುವುದರಿಂದ ಹುಟ್ಟಿದ ಉಪಾಯ ಇದು. ಅಮೆರಿಕದವರು ಬಾಳಿಕೆ ಬರದ ಅಂಥ ಬಟ್ಟೆಯನ್ನು ಲೆಕ್ಕಕ್ಕೇ ತಗೊಳ್ಳಬಾರದು ಎಂದು ಟಿಪ್ಪಣಿ ಸೇರಿಸಿಬಿಟ್ಟಿದ್ದಾರೆ. ನನಗಂತೂ ಅದರ ಸಹವಾಸ ಬೇಡ.

ಇನ್ನು ಅಡ್ವಾನ್ಸ್ ರೂಲಿಂಗ್. ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮಗೊಳಿಸುವ ಒಪ್ಪಂದ 2017ರ ಫೆಬ್ರುವರಿ 22ರಂದು ಜಾರಿಗೆ ಬಂತು, ಅದರ 3ನೇ ವಿಧಿಯೇ ಇದರ ಬಗ್ಗೆ. ಅಮೆರಿಕದಲ್ಲಿ ಇದಕ್ಕೆ ಶುಲ್ಕ ಇಲ್ಲ. ಯುರೋಪ್‌ನಲ್ಲಿ ಒಮ್ಮೆ ಸಿಕ್ಕಿದ ಉತ್ತರ ಸಾಮಾನ್ಯವಾಗಿ 3 ವರ್ಷ ನಡೆಯುತ್ತದೆ.

ಕಿರಿಕಿರಿ ಇದರಲ್ಲೂ ಇದೆ. ಕಾಯಬೇಕು. ಕತ್ತರಿಸಿದ ಸ್ಯಾಂಪಲ್ ಮತ್ತೆ ಮಾರಾಟಕ್ಕೆ ಬರುವುದಿಲ್ಲ. ಅರ್ಜಿಯಲ್ಲಿ ಪ್ರತಿ ತುಂಡಿನ ವಸ್ತು, ವಿಸ್ತೀರ್ಣ ಎಲ್ಲ ಕೊಡಬೇಕು, ಅದನ್ನು ಫ್ಯಾಕ್ಟರಿಯಿಂದ ಹಿಂಡಿ ತೆಗೆಯುವುದೇ ದೊಡ್ಡ ಕೆಲಸ. ನಾನು ಈಗ ಒಂದು ಕಾಲಿನ ಶೂ ಬಿಚ್ಚಿ, ತುಂಡುಗಳನ್ನು ಗ್ರಾಫ್ ಹಾಳೆ ಮೇಲಿಟ್ಟು ಚೌಕ ಎಣಿಸುತ್ತೇನೆ. ಫ್ಯಾಕ್ಟರಿ ಕೊಟ್ಟ ಅಂಕಿಗೂ ನನ್ನ ಅಂಕಿಗೂ ಹೊಂದದಿದ್ದರೆ ಅಲ್ಲೇ ನಿಲ್ಲಿಸಿ ಕೇಳುತ್ತೇನೆ. ಉತ್ತರ ನಮಗೆ ಬೇಡವಾದ ಕೋಡ್ ಆಗಿ ಬಂದರೆ ಕೇಳಿಸಲಿಲ್ಲ ಅನ್ನುವ ಹಾಗಿಲ್ಲ ಬೇರೆ.

ಅಷ್ಟಾದರೂ ಇದೇ ಯಾಕೆ ಇಷ್ಟ ಅಂದರೆ, ಉತ್ತರ ಸಿಗುವುದು ಆರ್ಡರ್ ಇನ್ನೂ ಕೈಯಲ್ಲಿರುವಾಗ. ಅದೇ ಬೂಟನ್ನು ಮರುವರ್ಷ ತರಿಸುವಾಗ ಪಕ್ಕದ ಲೇಪನದ ತುಂಡು ಕಿರಿದು ಮಾಡಿ, ಹೆಣೆದ ಬಟ್ಟೆ ಅಗಲ ಮಾಡಿಸಿದೆ. ನೋಡಲು ಹೆಚ್ಚು ಕಡಿಮೆ ಹಾಗೇ ಇತ್ತು. ಹೊಸ ಸ್ಯಾಂಪಲ್ ಕಳಿಸಿ 6404 ಅಂತ ಬರಹದಲ್ಲೇ ತಗೊಂಡೆ. ಸರಕು ತಡೆಯಿಲ್ಲದೆ ಹೊರಬಂತು. ಬಂದರಿನಲ್ಲಿ ನಿಂತು ಇದನ್ನು ಮಾಡೋಕಾಗುತ್ತಾ?

ನಾನು ತರಿಸುವುದು ಕೆಲವೇ ಡಿಸೈನ್, ಅವೇ ಎರಡು ಮೂರು ಸೀಸನ್ ಓಡುತ್ತವೆ, ಕೈಯಲ್ಲಿ ಹೆಚ್ಚುವರಿ ದುಡ್ಡು ಇರುವುದಿಲ್ಲ. ಇಂಥ ಲೆಕ್ಕಾಚಾರದವರಿಗೆ ಕಾಯುವ ವಾರಗಳು ಅಗ್ಗ, ತಡೆಹಿಡಿದ ಕಂಟೇನರ್ ದುಬಾರಿ. ಪ್ರತಿ ತಿಂಗಳೂ ಹೊಸ ಡಿಸೈನ್ ತಂದು ಒಂದೇ ಲಾಟ್‌ನಲ್ಲಿ ಮುಗಿಸುವವರಿಗೆ ಇದು ಒಗ್ಗುವುದಿಲ್ಲ, ಅವರು ಒಳ್ಳೆಯ ಏಜೆಂಟ್‌ಗೆ ಕತ್ತರಿಸಿದ ಸ್ಯಾಂಪಲ್ ಕೊಟ್ಟು ಹಳೆಯ ರೂಲಿಂಗ್ ಜೊತೆ ಹೋಲಿಸಿ ನೋಡಲಿ. ಮತ್ತೆ, ಸ್ಯಾಂಪಲ್‌ಗೂ ಬಂದ ಸರಕಿಗೂ ವ್ಯತ್ಯಾಸ ಇದ್ದರೆ ರೂಲಿಂಗ್ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಒಂದು ತುಂಡಿನ ವಸ್ತು ಬದಲಿಸುವುದಿದ್ದರೂ ಮೊದಲು ನನ್ನನ್ನು ಕೇಳಬೇಕು ಎಂದು ಈಗ ಆರ್ಡರ್ ಕಾಗದದಲ್ಲೇ ಬರೆಸುತ್ತೇನೆ.