ಶಸ್ತ್ರಚಿಕಿತ್ಸೆಯಿಲ್ಲದೆ ಹೃದಯದ ಬ್ಲಾಕ್ ಕರಗಿಸುತ್ತೇವೆ ಎನ್ನುವವರ ಬಗ್ಗೆ ಕೊಡಗಿನವರಿಗೆ ಎಚ್ಚರಿಕೆ

ಹೃದಯದ ರಕ್ತನಾಳದಲ್ಲಿರುವ ಬ್ಲಾಕನ್ನು ಸ್ಟೆಂಟ್ (ನಾಳವನ್ನು ತೆರೆದಿಡುವ ಸಣ್ಣ ಜಾಲರಿ ಕೊಳವೆ) ಇಲ್ಲದೆ, ಬೈಪಾಸ್ ಇಲ್ಲದೆ, ಬರೀ ಡ್ರಿಪ್ ಮತ್ತು ಕಷಾಯದಿಂದ ಕರಗಿಸಿಕೊಡುತ್ತೇವೆ ಎಂದು ನಮ್ಮ ಜಿಲ್ಲೆಯ ಪಟ್ಟಣಗಳಲ್ಲಿ ಶಿಬಿರ ನಡೆಸುವವರಿಗೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ಹಣಕ್ಕಿಂತ ಮುಖ್ಯವಾಗಿ, ಅವರ ಮಾತು ಕೇಳಿ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಮಾತ್ರೆಗಳನ್ನು ನಿಲ್ಲಿಸಬೇಡಿ. ನನ್ನ ಅಣ್ಣ ಅವರನ್ನು ನಂಬಿ ಒಂದು ಲಕ್ಷಕ್ಕೂ ಹೆಚ್ಚು ಹಣ ಕಳೆದುಕೊಂಡ, ಪ್ರಾಣವೂ ಕೂದಲೆಳೆಯಲ್ಲಿ ಉಳಿಯಿತು. ಇದನ್ನು ಬರೆಯುವುದು ಮನೆಯವರಿಗೆ ಇಷ್ಟವಿರಲಿಲ್ಲ. ಊರಿನಲ್ಲಿ ನಾಲ್ಕು ಜನರ ಬಾಯಿಗೆ ಬೀಳುತ್ತೇವೆಂಬ ಸಂಕೋಚ ನನಗೂ ಇದೆ. ಆದರೆ ನಮ್ಮಂಥವರು ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಳ್ಳುವುದೇ ಅವರ ಬಂಡವಾಳ ಎಂದು ಗೊತ್ತಾದ ಮೇಲೆ ಸುಮ್ಮನಿರಲು ಸಾಧ್ಯವಾಗಲಿಲ್ಲ.

ಅಣ್ಣನಿಗೆ 58 ವರ್ಷ, ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟವಿದೆ. ಕಳೆದ ಮಳೆಗಾಲದಲ್ಲಿ ಹೃದಯಾಘಾತವಾಗಿ, ಮೈಸೂರಿನಲ್ಲಿ ಎಡಭಾಗದ ಮುಖ್ಯ ನಾಳಕ್ಕೆ ಔಷಧ ಲೇಪಿತ ಸ್ಟೆಂಟ್ ಹಾಕಿದ್ದರು. ಬಲಭಾಗದ ನಾಳದಲ್ಲಿ ಇನ್ನೊಂದು ಬ್ಲಾಕ್ ಇದ್ದು, ಅದನ್ನು ಮಾತ್ರೆಗಳಲ್ಲೇ ನೋಡಿಕೊಳ್ಳಬಹುದೆಂದು ಹೇಳಿದ್ದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎಂಬ ಎರಡು ಮಾತ್ರೆಗಳನ್ನು ಒಂದು ವರ್ಷ ಒಂದು ದಿನವೂ ತಪ್ಪಿಸಬಾರದು ಎಂದು ಬಿಡುಗಡೆ ಪತ್ರದಲ್ಲಿ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕೊಟ್ಟಿದ್ದರು. ಕೊಲೆಸ್ಟರಾಲ್ ಇಳಿಸುವ ಅಟೊರ್ವಾಸ್ಟಾಟಿನ್ ಜೀವನಪೂರ್ತಿ ಬೇಕೆಂದೂ ಹೇಳಿದ್ದರು.

ಕಾಫಿ ಮಾರಿದ ಹಣ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಇವರ ಕರಪತ್ರ ಬಂತು. ಉಚಿತ ಹೃದಯ ತಪಾಸಣೆ ಎಂದು ಸಮುದಾಯ ಭವನಕ್ಕೆ ಕರೆದು, ಬೆರಳಿಗೆ ಕ್ಲಿಪ್ ಹಾಕಿ, ಕಂಪ್ಯೂಟರಿನಿಂದ ಬಣ್ಣದ ಚಿತ್ರವಿರುವ ಒಂದು ಹಾಳೆ ತೆಗೆದುಕೊಟ್ಟರು. ಅದರಲ್ಲಿ ಬ್ಲಾಕ್ ಶೇಕಡಾ 80 ಎಂದಿತ್ತು. ಆಮೇಲೆ ಬಿಳಿ ಕೋಟಿನವರು ಅಣ್ಣನನ್ನು ಒಳಗೆ ಕೂರಿಸಿಕೊಂಡು, ಹಂದಿ ಮಾಂಸದ ಕೊಬ್ಬನ್ನೇ ಕಾಚಂಪುಳಿಯ ಹುಳಿ ಮುರಿಯುವುದನ್ನು ನೀವು ದಿನಾ ನೋಡುತ್ತೀರಿ, ನಮ್ಮ ಔಷಧ ನಾಳದೊಳಗೆ ಅದೇ ಕೆಲಸ ಮಾಡುತ್ತದೆ ಎಂದರಂತೆ. ಕೊಡಗಿನವರಿಗೆ ಯಾವ ಮಾತು ನಾಟುತ್ತದೆ ಎಂದು ತಿಳಿದುಕೊಂಡೇ ಬಂದಿದ್ದರು. ಇನ್ನೊಂದು ಸ್ಟೆಂಟಿಗೇ ಎರಡು ಲಕ್ಷ, ಅದೂ ಮತ್ತೆ ಮುಚ್ಚಿಕೊಳ್ಳುತ್ತದೆ, ಇಂಗ್ಲಿಷ್ ಮಾತ್ರೆಗಳಿಂದ ಕಿಡ್ನಿ ಹಾಳಾಗುತ್ತದೆ, ನಮ್ಮ ಡ್ರಿಪ್ ಕೆಲಸ ಮಾಡಬೇಕಾದರೆ ಅವನ್ನು ಮೊದಲು ನಿಲ್ಲಿಸಿ ಎಂದರು. ಈ ಕೊನೆಯ ವಾಕ್ಯವನ್ನು ಮಾತ್ರ ಅವರು ಎಲ್ಲಿಯೂ ಬರೆದುಕೊಡಲಿಲ್ಲ.

ಆ ಡ್ರಿಪ್ಪಿನಲ್ಲಿದ್ದದ್ದು ಇಡಿಟಿಎ ಎಂಬ ರಾಸಾಯನಿಕ, ಇದನ್ನು ಕೀಲೇಶನ್ ಚಿಕಿತ್ಸೆ ಎನ್ನುತ್ತಾರೆ. ಸೀಸದ ವಿಷ ಮೈಗೇರಿದವರಿಗೆ ಇದು ನಿಜವಾದ ಔಷಧವೇ. ಆದರೆ ಬ್ಲಾಕಿನಲ್ಲಿರುವ ಕ್ಯಾಲ್ಸಿಯಂ ಅನ್ನು ಇದು ಹೊರಗೆಳೆದು ನಾಳವನ್ನು ತೆರೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬ್ಲಾಕ್ ಎಂಬುದು ನಾಳದ ಒಳಗೆ ಹರಿದು ಬಂದು ಅಂಟಿಕೊಂಡ ಜಿಡ್ಡಲ್ಲ; ನಾಳದ ಗೋಡೆಯ ಒಳಪದರದಲ್ಲೇ ವರ್ಷಾನುಗಟ್ಟಲೆ ಕೊಲೆಸ್ಟರಾಲ್, ಉರಿಯೂತದ ಜೀವಕೋಶಗಳು, ನಾರು ಮತ್ತು ಕ್ಯಾಲ್ಸಿಯಂ ಸೇರಿ ಬೆಳೆದದ್ದು. ಅದರ ಮೇಲಿನ ತೆಳು ಪೊರೆ ಒಡೆದು, ಅಲ್ಲಿ ರಕ್ತ ಹೆಪ್ಪುಗಟ್ಟಿದಾಗಲೇ ಹೆಚ್ಚಿನ ಹೃದಯಾಘಾತಗಳು ಆಗುತ್ತವೆ. ಅಟೊರ್ವಾಸ್ಟಾಟಿನ್‌ನಂಥ ಸ್ಟಾಟಿನ್ ಮಾತ್ರೆ ಆ ಪೊರೆ ಒಡೆಯದಂತೆ ಗಟ್ಟಿ ಮಾಡುತ್ತದೆ, ಆಸ್ಪಿರಿನ್ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಅಂದರೆ ಯಾವ ಮಾತ್ರೆಗಳು ಅಣ್ಣನನ್ನು ಕಾಯುತ್ತಿದ್ದವೋ ಅವನ್ನೇ ಇವರು ಬಿಡಿಸಿದರು. ಅಮೆರಿಕದಲ್ಲಿ ಕೀಲೇಶನ್ ಕುರಿತು ನಡೆದ ಮೊದಲ ದೊಡ್ಡ ಅಧ್ಯಯನದಲ್ಲಿ ಸ್ವಲ್ಪ ಪ್ರಯೋಜನ ಕಂಡಂತಾಗಿತ್ತು, ಇವರು ತೋರಿಸುವುದು ಅದನ್ನೇ. ಅದನ್ನು ಮತ್ತೆ ಪರೀಕ್ಷಿಸಲೆಂದೇ, ಒಮ್ಮೆ ಹೃದಯಾಘಾತವಾದ ಮಧುಮೇಹಿಗಳ ಮೇಲೆ ನಡೆಸಿ 2024ರಲ್ಲಿ ಪ್ರಕಟಿಸಿದ ಎರಡನೆಯ ಅಧ್ಯಯನದಲ್ಲಿ ಯಾವ ಪ್ರಯೋಜನವೂ ಕಾಣಲಿಲ್ಲ. ಅದನ್ನು ಇವರು ಬಾಯಿ ತಪ್ಪಿಯೂ ಹೇಳುವುದಿಲ್ಲ. ಆ ಅಧ್ಯಯನಗಳಲ್ಲಿ ರೋಗಿಗಳು ತಮ್ಮ ಮಾಮೂಲಿ ಹೃದಯದ ಮಾತ್ರೆಗಳ ಜೊತೆಗೇ ಡ್ರಿಪ್ ಪಡೆದಿದ್ದರು ಎಂಬುದನ್ನೂ ಹೇಳುವುದಿಲ್ಲ.

ಡ್ರಿಪ್ಪುಗಳು ಮುಗಿದ ಮೇಲೆ ಇನ್ನೊಂದು ಬಣ್ಣದ ಹಾಳೆ ಕೊಟ್ಟರು. ಬ್ಲಾಕ್ ಶೇಕಡಾ 80ರಿಂದ 35ಕ್ಕೆ ಇಳಿದಿದೆ ಎಂದಿತ್ತು. ಮನೆಯಲ್ಲಿ ಎಲ್ಲರಿಗೂ ಸಂತೋಷ. ಅತ್ತಿಗೆ ಆ ಹಾಳೆಯನ್ನು ನೆಂಟರಿಗೆಲ್ಲ ತೋರಿಸಿದರು, ಅದರಿಂದ ಇನ್ನಿಬ್ಬರು ಅಲ್ಲಿಗೆ ಹೋದರು ಎಂಬುದು ಇಂದಿಗೂ ನಮ್ಮನ್ನು ಕೊರೆಯುತ್ತಿದೆ.

ಒಂದು ತಿಂಗಳೂ ಕಳೆದಿರಲಿಲ್ಲ. ಮುಂಜಾನೆ ಎದೆ ಹಿಂಡಿದಂತಾಗಿ, ಮೈಯೆಲ್ಲ ಬೆವತು, ಎಡಗೈ ಸೆಳೆಯತೊಡಗಿತು. ಮಡಿಕೇರಿಯ ಜಿಲ್ಲಾಸ್ಪತ್ರೆಯಲ್ಲಿ ಕೂಡಲೇ ಇಸಿಜಿ ತೆಗೆದು, ತುರ್ತು ಔಷಧ ಕೊಟ್ಟು ಮೈಸೂರಿಗೆ ಕಳುಹಿಸಿದರು. ಆ 120 ಕಿಲೋಮೀಟರ್ ದಾರಿಯನ್ನು ನಾನು ಮರೆಯಲಾರೆ. ಮೈಸೂರಿನಲ್ಲಿ ಆಂಜಿಯೋಗ್ರಾಂ ಮಾಡಿದಾಗ ಹಳೆಯ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿತ್ತು, ಬಲಭಾಗದ ಬ್ಲಾಕ್ ಹಿಂದೆ ಇದ್ದಂತೆಯೇ ಇತ್ತು. ಮಾತ್ರೆ ನಿಲ್ಲಿಸಿದ್ದು ಯಾರು ಎಂದು ವೈದ್ಯರು ಕೇಳಿದರು. ನಾನು ಆ ಎರಡು ಬಣ್ಣದ ಹಾಳೆಗಳನ್ನು ಅವರ ಮುಂದಿಟ್ಟೆ. ಅವರು ಏನೂ ಹೇಳದೆ ಎರಡನ್ನೂ ಒಂದರ ಮೇಲೊಂದು ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಹೃದಯದ ಚಿತ್ರ ಒಂದೇ. ನಾಳಗಳ ಗೆರೆ ಗೆರೆಯೂ ಒಂದರ ಮೇಲೊಂದು ಕೂತಿತ್ತು. ಬದಲಾಗಿದ್ದದ್ದು ಶೇಕಡಾವಾರು ಅಂಕಿ ಮಾತ್ರ. ಎರಡರ ಮೂಲೆಯಲ್ಲೂ ಸಣ್ಣ ಅಕ್ಷರದಲ್ಲಿ ವಯಸ್ಸು 42, ಹೆಣ್ಣು ಎಂದು ಮುದ್ರಿಸಿತ್ತು. ಯಾರದೋ ಚಿತ್ರಕ್ಕೆ ನನ್ನ ಅಣ್ಣನ ಹೆಸರು ಹಚ್ಚಿ ಕೊಟ್ಟಿದ್ದರು! ಬೆರಳಿನ ಕ್ಲಿಪ್ಪಿನಿಂದ ಹೃದಯದ ನಾಳದ ಬ್ಲಾಕನ್ನು ಅಳೆಯಲಾಗುವುದಿಲ್ಲ, ಆಂಜಿಯೋಗ್ರಾಂ ಅಥವಾ ಸಿಟಿ ಆಂಜಿಯೋಗ್ರಾಂ ಬೇಕೇ ಬೇಕು ಎಂದು ವೈದ್ಯರು ಹೇಳಿದಾಗ ತಲೆ ಎತ್ತಿ ನೋಡಲು ನನಗೆ ಮುಖವಿರಲಿಲ್ಲ.

ಅಣ್ಣ ವಾರ್ಡಿಗೆ ಬಂದ ಮೇಲೆ ಆ ಶಿಬಿರದವರಿಗೆ ಫೋನ್ ಮಾಡಿದೆ. ಮೊದಲು, ನಿಮ್ಮ ಅಣ್ಣನವರ ದೇಹಪ್ರಕೃತಿ ಚಿಕಿತ್ಸೆಗೆ ಸ್ಪಂದಿಸಿಲ್ಲ ಎಂದರು. ಶೇಕಡಾ 35ಕ್ಕೆ ಇಳಿದಿದೆ ಎಂದು ನೀವೇ ಬರೆದುಕೊಟ್ಟಿದ್ದೀರಲ್ಲ ಎಂದು ಕೇಳಿದ್ದಕ್ಕೆ, ಆಮೇಲೆ ಪಥ್ಯ ಮುರಿದಿರಬೇಕು, ನೀವು ಕೊಡಗಿನವರು ಪಂದಿಕರಿ ಬಿಡುತ್ತೀರಾ ಎಂದರು. ಆಸ್ಪತ್ರೆಯಲ್ಲಿ ಸಾವು ಬದುಕಿನ ನಡುವೆ ಇದ್ದ ಮನುಷ್ಯನ ಬಗ್ಗೆ ಆಡಿದ ಮಾತಿದು. ಮಾತ್ರೆ ನಿಲ್ಲಿಸಲು ಹೇಳಿದವರು ಯಾರು ಎಂದರೆ, ನಾವು ಲಿಖಿತವಾಗಿ ಹೇಳಿದ್ದೇವೆಯೇ, ತೋರಿಸಿ ಎಂದರು. ಹಣ ಕೇಳಿದರೆ, ಹಣ ಹಿಂದಿರುಗಿಸುವ ಪದ್ಧತಿ ಇಲ್ಲ, ಬೇಕಾದರೆ ಇನ್ನಷ್ಟು ಕಷಾಯದ ಬಾಟಲಿಗಳನ್ನು ಉಚಿತವಾಗಿ ಕೊಡುತ್ತೇವೆ ಎಂದರು. ಅದರ ಮೇಲೆ ನನ್ನ ನಂಬರಿನಿಂದ ಹೋದ ಕರೆ ಅವರಿಗೆ ತಲುಪಲೇ ಇಲ್ಲ.

ಸ್ಟೆಂಟಿಗೇ ಎರಡು ಲಕ್ಷ ಎಂಬುದೂ ಸುಳ್ಳು. ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲೇ ಔಷಧ ಲೇಪಿತ ಸ್ಟೆಂಟಿನ ಬೆಲೆಗೆ 29,600 ರೂಪಾಯಿಯ ಮಿತಿ ಹಾಕಿತು. ಆಮೇಲೆ ದರ ಪರಿಷ್ಕರಣೆಯಾಗಿದ್ದರೂ ಬೆಲೆ ನಿಯಂತ್ರಣದಲ್ಲೇ ಇದೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಿದೆ. ಹೃದ್ರೋಗವನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಹಾಕುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆದ್ದರಿಂದ ಅಂಥ ಕರಪತ್ರವನ್ನು ಹಂಚುವಾಗಲೇ ಅವರು ಕಾನೂನನ್ನು ಮೀರಿದ್ದಾರೆ. ಯಾವ ಕ್ಲಿನಿಕ್ಕಿಗೆ ಹೋದರೂ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ನೋಂದಣಿ ಸಂಖ್ಯೆ ಕೇಳಿ. ನಾನು ಕೇಳಿದಾಗ, ಅದು ಬೆಂಗಳೂರಿನ ಮುಖ್ಯ ಕಚೇರಿಯಲ್ಲಿದೆ ಎಂದರು. ಯಾವ ಮಾತ್ರೆಯಿಂದಲಾದರೂ ತೊಂದರೆಯಾದರೆ ಅದನ್ನು ಬರೆದುಕೊಟ್ಟ ವೈದ್ಯರಿಗೇ ಹೇಳಿ, ಬೇರೆ ಮಾತ್ರೆ ಕೊಡುತ್ತಾರೆ. ಎದೆನೋವು ಬಂದಾಗ ಗ್ಯಾಸ್ ಎಂದು ಸೋಡಾ ಕುಡಿದು ಕಾಯಬೇಡಿ. ನಾಳ ಪೂರ್ತಿ ಮುಚ್ಚಿ ಹೃದಯಾಘಾತವಾದಾಗ, ನಾಳವನ್ನು ತೆರೆಯುವ ಆಂಜಿಯೋಪ್ಲಾಸ್ಟಿ ಎರಡು ಗಂಟೆಯೊಳಗೆ ಆಗುವಂತಿಲ್ಲದಿದ್ದರೆ ಸಾಮಾನ್ಯವಾಗಿ ಹೆಪ್ಪು ಕರಗಿಸುವ ಇಂಜೆಕ್ಷನ್ ಮೊದಲು ಕೊಡಬೇಕಾಗುತ್ತದೆ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಅದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಿದ್ದಾರೆ. ಮೈಸೂರು, ಮಂಗಳೂರು ದೂರವಿರುವ ನಮಗೆ ಇದಕ್ಕಿಂತ ಬೇಕಾದ ಮಾಹಿತಿ ಬೇರೊಂದಿಲ್ಲ.

ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ದೂರು ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಅಷ್ಟರಲ್ಲಿ ಶಿಬಿರದವರು ಬೋರ್ಡ್ ತೆಗೆದು ಜಾಗ ಖಾಲಿ ಮಾಡಿದ್ದಾರೆ. ಫೋನ್ ನಂಬರ್ ಮಾತ್ರ ಬದಲಾಗಿರುವ ಅದೇ ಕರಪತ್ರ ಈಗ ಇನ್ನೊಂದು ತಾಲ್ಲೂಕಿನಲ್ಲಿ ಹಂಚಿಕೆಯಾಗುತ್ತಿದೆ. ನಿಮ್ಮ ಕೈಗೆ ಬಂದರೆ ಹರಿದು ಬಿಸಾಡದೆ ಇಟ್ಟುಕೊಳ್ಳಿ. ಹಣ ಕಟ್ಟಿದವರು ರಸೀದಿ, ಬಣ್ಣದ ಹಾಳೆಗಳು, ಫೋನ್‌ನಲ್ಲಿ ಹಣ ಕಳುಹಿಸಿದ ದಾಖಲೆ ಎಲ್ಲವನ್ನೂ ಜೋಪಾನವಾಗಿಟ್ಟು, ನಿಮ್ಮ ಹೆಸರಿನಲ್ಲೇ ಪ್ರತ್ಯೇಕವಾಗಿ ದೂರು ಕೊಡಿ. ನಾನೊಬ್ಬನೇ ಕೊಟ್ಟಾಗ, ಇದು ಒಬ್ಬ ರೋಗಿಯ ಮನೆಯವರ ತಪ್ಪು ತಿಳಿವಳಿಕೆ ಎಂದು ಆ ಶಿಬಿರದವರು ಉತ್ತರ ಬರೆದುಕೊಟ್ಟಿದ್ದಾರೆ.